ಪತ್ರಾಸಿನ ಮೇಲೆ ಮುಚ್ಚಳ ಜಾರಿಸುವ ಕಾಗೆ: ಇದು ಆಟವಾ, ಹೊಟ್ಟೆಪಾಡಾ?

ಮಾಳಮಡ್ಡಿ ಮಾಳಿಗೆ
ಹಕ್ಕಿ ನೋಡುವವರು ಇಲ್ಲಿ ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನನ್ನ ಹತ್ತಿರ ದೊಡ್ಡ ಕ್ಯಾಮೆರಾ ಇಲ್ಲ, ದುರ್ಬೀನೂ ಇಲ್ಲ.

ನಮ್ಮದು ಧಾರವಾಡ ಮಾಳಮಡ್ಡಿಯ ಹಳೇ ಮನೆ. ಹಿತ್ತಲಲ್ಲಿ ಬಚ್ಚಲಿಗೆ ಇಳಿಜಾರಾಗಿ ಪತ್ರಾಸ್ ಹಾಕಿಸಿದ್ದೇವೆ. ನಾಲ್ಕು ದಿನದಿಂದ ಬೆಳಗ್ಗೆ ಏಳರ ಸುಮಾರಿಗೆ ಅದರ ಮೇಲೆ ಸರ್ರ್... ಟಕ್ ಅಂತ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸರ್ರ್... ಟಕ್. ಮಂಗ್ಯಾ ಬಂದಿರಬೇಕು ಅಂತ ಬಡಿಗೆ ಹಿಡಿದು ಹೊರಗೆ ಬಂದೆ. ನೋಡಿದರೆ ಒಂದು ಕಾಗೆ. ಕೊಕ್ಕಿನಲ್ಲಿ ಸೋಡಾ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳ. ಪತ್ರಾಸಿನ ಮೇಲ್ತುದಿಗೆ ಹೋಗಿ, ತಗಡಿನ ತಗ್ಗಿನಲ್ಲಿ ಮುಚ್ಚಳ ಇಟ್ಟು ಬಿಡುತ್ತದೆ. ಅದು ಸರ್ರ್ ಅಂತ ಕೆಳಗೆ ಜಾರುತ್ತದೆ. ಇದು ಪಕ್ಕದಲ್ಲೇ ಕುಪ್ಪಳಿಸುತ್ತಾ ಬಂದು, ಅಂಚು ದಾಟಿ ಗಟಾರಕ್ಕೆ ಬೀಳುವ ಮುಂಚೆ ಟಕ್ ಅಂತ ಹಿಡಿಯುತ್ತದೆ. ಮತ್ತೆ ಮೇಲೆ. ಆರು ಸಲ ಮಾಡಿತು, ನಾನೇ ಎಣಿಸಿದೆ. ಆಮೇಲೆ ಇನ್ನೊಂದು ಕಾಗೆ ಬಂದು ಕೂತಿತು, ಇದು ಮುಚ್ಚಳ ಕಚ್ಚಿಕೊಂಡು ನೆರೆಮನೆಯ ಬೇವಿನ ಮರಕ್ಕೆ ಹಾರಿತು.

ದಿನಾ ಬರುವುದು ಅದೇ ಕಾಗೆ. ಬಲಗಾಲಿನ ಒಂದು ಬೆರಳು ಸೊಟ್ಟಗಿದೆ, ಅದರಿಂದ ಗುರುತು ಹಿಡಿದೆ.

ಅವ್ವ ಹೇಳುವುದು, "ಪಕ್ಷಮಾಸ ಹತ್ರ ಬಂತಲ್ಲ, ನಿಮ್ಮಜ್ಜನ ಇರಬೇಕ ನೋಡ. ಅವರಿಗೂ ಸುಮ್ನ ಕೂಡೂದ ಗೊತ್ತಿರಲಿಲ್ಲ." ಅಜ್ಜ ದಿನವಿಡೀ ಕಟ್ಟೆ ಮೇಲೆ ಚೌಕಾಬಾರ ಆಡುತ್ತಿದ್ದರು, ಆ ಸಿಟ್ಟು ಅವಳಿಗೆ ಇನ್ನೂ ಹೋಗಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕಾಗೆ ಆಟ ಆಡುತ್ತದಾ? ಅಥವಾ ಇದರಲ್ಲಿ ಬೇರೆ ಏನಾದರೂ ಲೆಕ್ಕ ಇದೆಯಾ?

ಉಣಕಲ್ ಅಲೆಮಾರಿ
ವಿಡಿಯೋ?

ಮಾಳಮಡ್ಡಿ ಮಾಳಿಗೆ
ಮೂರನೇ ದಿನ ಮೊಬೈಲ್ ತೆಗೆದೆ. ಕೈ ಎತ್ತಿದ್ದೇ ತಡ, ಹಾರಿಹೋಯಿತು. ಕಲ್ಲು ಎತ್ತಿದೆ ಅಂತ ತಿಳಿದಿರಬೇಕು. ಕಾಗೆ ಎದುರು ಸುಮ್ನೆ ಬಗ್ಗಿ ನೋಡಿ, ಕೈಯಲ್ಲಿ ಏನೂ ಇರದಿದ್ದರೂ ಓಡುತ್ತದೆ.

ಉಣಕಲ್ ಅಲೆಮಾರಿ
ಸರಿ ಸರಿ, ಅದು ನಿಜ. ಆದರೂ ವಿಡಿಯೋ ಬೇಕು.

ಗುಡ್ಡದ ಗೂಗಿ
ಮೂವತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿ ಈಗ ಮನೆಯಲ್ಲಿದ್ದೇನೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು, ಕುತ್ತಿಗೆ ಬೂದು ಬಣ್ಣ ಇತ್ತಾ? ಇದ್ದರೆ ಅದು ಊರ ಕಾಗೆ. ಪೂರ್ತಿ ಕಪ್ಪಗಿದ್ದು ಕೊಕ್ಕು ದಪ್ಪ ಇದ್ದರೆ ಕಾಡು ಕಾಗೆ. ಧಾರವಾಡದಲ್ಲಿ ಎರಡೂ ಇವೆ. ಕೆಲಗೇರಿ ಕಡೆ ಹೋದರೆ ಒಂದೇ ಮರದಲ್ಲಿ ಎರಡೂ ಸಿಗುತ್ತವೆ.

ಎರಡನೆಯದು, ಆಟ ಅಂತ ಯಾವುದಕ್ಕೆ ಹೇಳಬೇಕು? ಗಾರ್ಡನ್ ಬರ್ಗಾರ್ಟ್ ಎಂಬ ಅಮೆರಿಕದ ವಿಜ್ಞಾನಿ ಇದಕ್ಕೆ ಐದು ಒರೆಗಲ್ಲು ಹಾಕಿಕೊಟ್ಟಿದ್ದಾರೆ. ಮಾಡುವ ಕೆಲಸದಿಂದ ಆ ಹೊತ್ತಿಗೆ ನೇರ ಲಾಭ ಇರಬಾರದು. ಯಾರ ಒತ್ತಾಯವೂ ಇಲ್ಲದೆ ತಾನಾಗಿ ಮಾಡಬೇಕು. ನಿಜವಾದ ಬೇಟೆಯೋ ಜಗಳವೋ ಇದ್ದಂತೆ ಇರದೆ ಸ್ವಲ್ಪ ಬೇರೆ ಥರ ಇರಬೇಕು. ಮತ್ತೆ ಮತ್ತೆ ಮಾಡಬೇಕು. ಹಸಿವು, ಹೆದರಿಕೆ ಇಲ್ಲದ ಆರಾಮದ ಹೊತ್ತಿನಲ್ಲಿ ಮಾಡಬೇಕು. ನಿಮ್ಮ ಸೊಟ್ಟಬೆರಳು ನಾಲ್ಕರಲ್ಲಿ ಪಾಸಾಗಿದೆ. ಮೊದಲನೆಯದರಲ್ಲಿ ನನಗೆ ಅನುಮಾನ. ಸೋಡಾ ಮುಚ್ಚಳದ ಒಳಗೆ ಸಿಹಿ ಅಂಟಿರುತ್ತದೆ, ಅಲ್ವಾ?

2012ರಲ್ಲಿ ರಷ್ಯಾದ ಒಂದು ವಿಡಿಯೋ ಊರೆಲ್ಲ ಓಡಾಡಿತು, ನೀವೂ ನೋಡಿರಬಹುದು. ಹಿಮ ಬಿದ್ದ ಮನೆಯ ಛಾವಣಿ ಮೇಲೆ ಕಾಗೆ ಒಂದು ಡಬ್ಬಿ ಮುಚ್ಚಳದ ಮೇಲೆ ನಿಂತು ಕೆಳಗೆ ಜಾರುತ್ತದೆ, ಮುಚ್ಚಳ ಕಚ್ಚಿ ಮೇಲೆ ಬರುತ್ತದೆ, ಮತ್ತೆ ಜಾರುತ್ತದೆ. ಎಲ್ಲರೂ ಆಟ ಆಟ ಅಂದರು. ಆದರೆ ಸರಿಯಾಗಿ ನೋಡಿ, ನಡುನಡುವೆ ಮುಚ್ಚಳವನ್ನು ಕುಕ್ಕುತ್ತದೆ. ತಿನ್ನುವುದಕ್ಕೆ ಏನೋ ಸಿಗಬಹುದು ಅನ್ನುವ ಆಸೆಯೂ ಇರಬಹುದು. ನನಗೆ ಅನಿಸುವುದು ಎರಡೂ ಇದೆ ಅಂತ, ಆದರೆ ಅನಿಸಿದ್ದಕ್ಕೆಲ್ಲ ಮಾರ್ಕ್ಸ್ ಕೊಡುವುದಕ್ಕೆ ಆಗುವುದಿಲ್ಲ.

ಹೀಗೆ ಮಾಡಿ. ಒಂದು ಮುಚ್ಚಳ ಬಿಸಿನೀರು, ಸೋಪು ಹಾಕಿ ಚೆನ್ನಾಗಿ ತೊಳೆದು ಒಣಗಿಸಿ ಇಡಿ. ಇನ್ನೊಂದರ ಒಳಗೆ ಸ್ವಲ್ಪ ಬೆಲ್ಲ ಮೆತ್ತಿ ಇಡಿ. ಯಾವುದನ್ನು ಏನು ಮಾಡುತ್ತದೆ ಬರೆದಿಡಿ.

ಹಳೇ ಹುಬ್ಬಳ್ಳಿ ಅಕ್ಕ
ಗೂಗಿ ಸರ್, ನೀವು ಒರೆಗಲ್ಲು ಹಿಡಿದು ಕೂತುಕೊಳ್ಳಿ, ನಮ್ಮ ಮಾಳಿಗೆ ಮೇಲೆ ಪ್ರತಿ ಬೇಸಿಗೆಯಲ್ಲಿ ಯುದ್ಧ ನಡೆಯುತ್ತದೆ. ಕುರಡಿಗೆ ಒಣಹಾಕಿದರೆ ಸಾಕು, ಎಲ್ಲಿರುತ್ತಾವೋ ಬರುತ್ತಾವೆ. ಹೋದ ವರ್ಷ ಅತ್ತೆಯವರು ಹೇಳಿದರು ಅಂತ ಹರಿದ ಕಪ್ಪು ಛತ್ರಿಯನ್ನು ಕೋಲಿಗೆ ತಲೆಕೆಳಗಾಗಿ ಕಟ್ಟಿ ನಿಲ್ಲಿಸಿದೆ. ಮೊದಲ ದಿನ ಓಣಿಯ ಕಾಗೆಗಳೆಲ್ಲ ಸೇರಿ ದೊಡ್ಡ ಗಲಾಟೆ. ಒಂದೂ ಕೆಳಗೆ ಇಳಿಯಲಿಲ್ಲ. ಎರಡನೇ ದಿನ ನೀರಿನ ಟ್ಯಾಂಕ್ ಮೇಲೆ ಕೂತು ನೋಡಿದವು. ಮೂರನೇ ದಿನ ಒಂದು ಕಾಗೆ ಬಂದು ಆ ಛತ್ರಿಯ ಮೇಲೇ ಕೂತಿತು. ಅಲ್ಲಿಗೆ ಮುಗಿಯಿತು, ಕುರಡಿಗೆ ಅರ್ಧ ಖಾಲಿ.

ಇನ್ನೊಂದು ಹೇಳುತ್ತೇನೆ. ಎಮ್ಮೆಗೆ ನೀರು ಇಡುವ ಕಲ್ಲಿನ ದೋಣಿ ಇದೆ. ಕಟಕ್ ರೊಟ್ಟಿಯ ತುಂಡು ಸಿಕ್ಕರೆ ಕಾಗೆ ತಿನ್ನುವುದಿಲ್ಲ, ತಂದು ದೋಣಿಯೊಳಗೆ ಹಾಕುತ್ತದೆ. ಅಲ್ಲೇ ದಂಡೆಯಲ್ಲಿ ಕೂತು ಆ ಕಡೆ ಈ ಕಡೆ ನೋಡಿ, ಮೆತ್ತಗಾದ ಮೇಲೆ ತೆಗೆದು ತಿನ್ನುತ್ತದೆ. ನಮ್ಮ ಮನೆಯವರಿಗೆ ಚಹಾದಲ್ಲಿ ಟೋಸ್ಟ್ ಎಷ್ಟು ಹೊತ್ತು ಅದ್ದಬೇಕು ಅಂತ ಇನ್ನೂ ಗೊತ್ತಾಗಿಲ್ಲ, ದಿನಾ ಮುರಿದು ಬೀಳುತ್ತದೆ.

ಲೈನ್ ಮೇಲಿನ ತಮ್ಮ
ಅಕ್ಕಾ 😂

ನನ್ನ ಕಥೆ ನಗುವಂಥದ್ದಲ್ಲ. ನಾನು ಕರೆಂಟ್ ಕಂಬ ಹತ್ತುವ ಕೆಲಸ ಮಾಡುತ್ತೇನೆ. ಏಪ್ರಿಲ್, ಮೇ ಬಂತೆಂದರೆ ಕಂಬದ ಮೇಲೆ ಕಾಗೆ ಗೂಡು. ಬರೀ ಕಡ್ಡಿಯ ಗೂಡು ಆದರೆ ಪರವಾಗಿಲ್ಲ. ಇವು ಬೈಂಡಿಂಗ್ ವೈರು, ತಂತಿ, ಬಟ್ಟೆ ಒಣಹಾಕುವ ಹ್ಯಾಂಗರ್ ಎಲ್ಲ ತಂದು ಕಟ್ಟುತ್ತವೆ. ಎಲ್ಲೆಲ್ಲಿ ಮನೆ ಕಟ್ಟುತ್ತಿದ್ದಾರೋ ಅಲ್ಲಿಂದ ಸಪ್ಲೈ. ಆ ತಂತಿ ಲೈನಿಗೆ ತಾಗಿದರೆ ಇಡೀ ಓಣಿ ಕತ್ತಲೆ, ಕಾಗೆಯೂ ಹೋಯಿತು, ಮರಿಯೂ ಹೋಯಿತು. ಹಾಗಾಗಿ ತೆಗೆಯಲೇಬೇಕು. ಮೊಟ್ಟೆ ಇಡುವ ಮುಂಚೆ ತೆಗೆದರೆ ಪಾಪ ಕಡಿಮೆ ಅಂತ ಬೇಗ ಬೇಗ ತೆಗೆಯುತ್ತೇವೆ.

ಎರಡು ವರ್ಷದ ಹಿಂದೆ ಗೋಕುಲ ರಸ್ತೆ ಕಡೆ ಒಂದು ಗೂಡು ತೆಗೆದೆ. ಇವತ್ತಿಗೂ ಆ ರಸ್ತೆಯಲ್ಲಿ ಹೋದರೆ ತಲೆಗೆ ಬರುತ್ತವೆ. ನಮ್ಮ ಜೊತೆ ಕೆಲಸ ಮಾಡುವ ಇನ್ನೊಬ್ಬನಿಗೆ ಏನೂ ಮಾಡುವುದಿಲ್ಲ. ಹಳದಿ ಹೆಲ್ಮೆಟ್ ನೋಡಿ ಗುರುತು ಹಿಡಿಯುತ್ತವೆ ಅಂದುಕೊಂಡು ನನ್ನ ಹೆಲ್ಮೆಟ್ ಅವನಿಗೆ ಹಾಕಿದೆ, ನಾನು ಬರಿತಲೆಯಲ್ಲಿ ಹೋದೆ. ಏನಾಯಿತು ಅಂತ ನೀವೇ ಊಹಿಸಿ. ಹೆಲ್ಮೆಟ್ ಇಲ್ಲದ ತಲೆಗೇ ಕುಕ್ಕಿತು.

ಗುಡ್ಡದ ಗೂಗಿ
ತಮ್ಮಾ, ನಿನಗೆ ಗೊತ್ತಿಲ್ಲದೆ ನೀನು ಒಂದು ದೊಡ್ಡ ಪ್ರಯೋಗವನ್ನು ಮತ್ತೊಮ್ಮೆ ಮಾಡಿದ್ದೀಯ. 2006ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಜಾನ್ ಮಾರ್ಜ್ಲಫ್ ಮತ್ತು ಅವರ ತಂಡ ಆದಿಮಾನವನ ಮುಖವಾಡ ಹಾಕಿಕೊಂಡು ಯೂನಿವರ್ಸಿಟಿ ಆವರಣದಲ್ಲಿ ಏಳು ಕಾಗೆ ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆಮೇಲೆ ಯಾರೇ ಆ ಮುಖವಾಡ ಹಾಕಿಕೊಂಡು ನಡೆದರೂ ಕಾಗೆಗಳು ಮುತ್ತಿ ಬೈಯುತ್ತಿದ್ದವು. ಹಾಕಿಕೊಂಡವರು ಗಂಡೋ ಹೆಣ್ಣೋ, ಟೋಪಿ ಇದೆಯೋ ಇಲ್ಲವೋ, ಅದು ಲೆಕ್ಕಕ್ಕೇ ಇಲ್ಲ, ಮುಖ ಒಂದೇ ಮುಖ್ಯ. ಬೇರೆ ಮುಖವಾಡ ಹಾಕಿದರೆ ಅಷ್ಟು ಗಲಾಟೆ ಇಲ್ಲ. ಆ ಬೇರೆ ಮುಖವಾಡ ಆಗಿನ ಅಮೆರಿಕದ ಉಪಾಧ್ಯಕ್ಷ ಡಿಕ್ ಚೇನಿಯದ್ದು ಅನ್ನುವುದು ಇದರಲ್ಲಿರುವ ತಮಾಷೆ.

ವಿಷಯ ಇರುವುದು ಮುಂದೆ. ಹಿಡಿದದ್ದು ಏಳು ಕಾಗೆ. ವರ್ಷಗಳು ಕಳೆದಂತೆ ಬೈಯುವ ಕಾಗೆಗಳ ಸಂಖ್ಯೆ ಏರುತ್ತಲೇ ಹೋಯಿತು. ಯಾವತ್ತೂ ಹಿಡಿಸಿಕೊಳ್ಳದ ಕಾಗೆಗಳು, ಆಮೇಲೆ ಹುಟ್ಟಿದ ಮರಿಗಳು ಕೂಡ ಉಳಿದವನ್ನು ನೋಡಿ ಕಲಿತವು. ಅಂದರೆ ಗೋಕುಲ ರಸ್ತೆಯಲ್ಲಿ ನಿನ್ನ ಮೇಲೆ ಈಗ ಬರುತ್ತಿರುವ ಕಾಗೆಗಳಲ್ಲಿ ಅರ್ಧಕ್ಕರ್ಧ ನಿನ್ನನ್ನು ಕಂಬದ ಮೇಲೆ ನೋಡಿಯೇ ಇಲ್ಲದಿರಬಹುದು.

ಲೈನ್ ಮೇಲಿನ ತಮ್ಮ
ಅಂದರೆ ನಾನು ರಿಟೈರ್ ಆದರೂ ಬಿಡುವುದಿಲ್ಲ ಅಂತಾಯಿತು.

ಹಾವೇರಿ ಹೊಲದವ
ಹಗೆ ಇಟ್ಟುಕೊಂಡರೆ ಕಾಗೆ ಥರ ಇಟ್ಟುಕೊಳ್ಳಬೇಕು.

ಎಪಿಎಂಸಿ ಶೇಂಗಾ
ಆಟದ ವಿಷಯಕ್ಕೆ ವಾಪಸ್ ಬರೋಣ. ಅಮರಗೋಳದ ನಮ್ಮ ಅಂಗಡಿ ಮುಂದೆ ಒಂದು ಮುದಿ ನಾಯಿ ಇದೆ. ಹಮಾಲರು ಊಟ ಮಾಡಿ ಮಿಕ್ಕಿದ್ದು ಹಾಕುತ್ತಾರೆ. ಒಂದು ಕಾಗೆ ಹಿಂದಿನಿಂದ ಬಂದು ಬಾಲ ಎಳೆಯುತ್ತದೆ. ನಾಯಿ ಗುರ್ ಅಂತ ತಿರುಗುವಷ್ಟರಲ್ಲಿ ಇನ್ನೊಂದು ಕಾಗೆ ಮುಂದಿನಿಂದ ರೊಟ್ಟಿ ಎತ್ತುತ್ತದೆ. ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ನಾಯಿಗೆ ಇವತ್ತಿನವರೆಗೂ ಬುದ್ಧಿ ಬಂದಿಲ್ಲ.

ಗುಡ್ಡದ ಗೂಗಿ
ಅದು ಆಟ ಅಲ್ಲ, ಅದು ದಂಧೆ. ರೊಟ್ಟಿ ಸಿಕ್ಕಿತಲ್ಲ.

ಎಪಿಎಂಸಿ ಶೇಂಗಾ
ಸರ್, ಪೂರ್ತಿ ಕೇಳಿ. ರೊಟ್ಟಿ ಇರದಿದ್ದಾಗಲೂ ಎಳೆಯುತ್ತದೆ. ಮಧ್ಯಾಹ್ನ ಮೂರಕ್ಕೆ ಯಾರ್ಡ್ ಖಾಲಿ, ನಾಯಿ ಗಾಡಿ ಕೆಳಗೆ ಮಲಗಿರುತ್ತದೆ, ತಿನ್ನಲು ಏನೂ ಇಲ್ಲ. ಕಾಗೆ ಮೆಲ್ಲಗೆ ನಡೆದು ಬರುತ್ತದೆ, ಹಾರಿ ಅಲ್ಲ, ನಡೆದು. ಬಾಲದ ತುದಿ ಒಂದು ಸಲ ಜಗ್ಗಿ ಗಾಡಿಯ ಮೇಲೆ ಹತ್ತಿ ಕೂರುತ್ತದೆ. ನಾಯಿ ಎದ್ದು ನೋಡುತ್ತದೆ, ಮತ್ತೆ ಮಲಗುತ್ತದೆ. ಕಾಗೆ ಮತ್ತೆ ಕೆಳಗೆ. ಇದರಲ್ಲಿ ಯಾವ ದಂಧೆ ಇದೆ ಹೇಳಿ ನೋಡೋಣ.

ಗುಡ್ಡದ ಗೂಗಿ
ದೊಡ್ಡ ಪ್ರಾಣಿ ಎಷ್ಟು ಬೇಗ ತಿರುಗುತ್ತದೆ, ಎಷ್ಟು ಹತ್ತಿರ ಹೋಗಬಹುದು ಅಂತ ತಿಳಿದುಕೊಳ್ಳುವ ಅಭ್ಯಾಸ ಇರಬಹುದು. ಹದ್ದಿನ ಬಾಲವನ್ನೂ ಹೀಗೆ ಎಳೆಯುತ್ತವೆ. ಆದರೆ ಅಭ್ಯಾಸ ಮತ್ತು ಆಟ ಬೇರೆ ಬೇರೆ ಅಂತ ನಾನೂ ಹೇಳುವುದಿಲ್ಲ. ನಾಯಿಮರಿ ಚಪ್ಪಲಿ ಕಚ್ಚಿ ಎಳೆದಾಡುವುದೂ ಅಭ್ಯಾಸವೇ. ಸರಿ, ಇದಕ್ಕೆ ಅರ್ಧ ಮಾರ್ಕ್ಸ್.

ಗದಗ ಗಾಳಿ
ಕಪ್ಪತಗುಡ್ಡದ ಕಡೆ ಆಷಾಢದ ಗಾಳಿ ಗೊತ್ತಲ್ಲ, ಮನುಷ್ಯರು ನಿಲ್ಲುವುದೇ ಕಷ್ಟ. ಅಂಥ ಗಾಳಿಯಲ್ಲಿ ಕಾಗೆಗಳು ಗುಡ್ಡದ ಅಂಚಿನಲ್ಲಿ ರೆಕ್ಕೆ ಅಗಲಿಸಿ ಮೇಲೇಳುತ್ತವೆ, ಒಮ್ಮೆಲೇ ಮಡಚಿ ಕಲ್ಲಿನ ಹಾಗೆ ಬೀಳುತ್ತವೆ, ನೆಲ ಮುಟ್ಟುವ ಮುಂಚೆ ಮತ್ತೆ ಬಿಚ್ಚುತ್ತವೆ. ಹೀಗೇ ಅರ್ಧ ತಾಸು. ಒಂದು ಕಾಗೆಯ ಕಾಲಲ್ಲಿ ಕಡ್ಡಿ ಇತ್ತು, ಗಾಳಿಯಲ್ಲೇ ಬಿಟ್ಟು ಕೆಳಗೆ ಹೋಗಿ ಕೊಕ್ಕಿನಲ್ಲಿ ಹಿಡಿಯಿತು. ನಾನು ಕುರಿ ಮೇಯಿಸುವವರ ಜೊತೆ ಕೂತು ನೋಡುತ್ತಿದ್ದೆ. ಅವರಿಗೆ ಇದೇನೂ ಹೊಸದಲ್ಲ. "ಅವಕ್ಕ ಗಾಳಿ ಅಂದ್ರ ಜಾತ್ರಿ ಇದ್ದಂಗ್ರಿ" ಅಂದರು.

ಕ್ಲಾಸ್ ಬಂಕ್ ಮಾಡಿದವ
ಬುದ್ಧಿ ಬುದ್ಧಿ ಅಂತೀರಲ್ಲ, ಇಷ್ಟೆಲ್ಲ ಬುದ್ಧಿ ಇರುವ ಕಾಗೆಗೆ ತನ್ನ ಗೂಡಿನಲ್ಲಿ ಇರುವುದು ಕೋಗಿಲೆ ಮೊಟ್ಟೆ ಅಂತ ಯಾಕೆ ಗೊತ್ತಾಗುವುದಿಲ್ಲ? ನಮ್ಮ ಹಾಸ್ಟೆಲ್ ಹಿಂದಿನ ಮರದಲ್ಲಿ ಮಳೆಗಾಲದ ಶುರುವಿನಲ್ಲಿ ಒಂದು ಕಾಗೆ ಕೋಗಿಲೆ ಮರಿಗೆ ತಿನ್ನಿಸುತ್ತಿತ್ತು. ಮರಿಯ ಬಾಯಿ ಬೇರೆ, ಕೂಗು ಬೇರೆ, ಎಲ್ಲ ಬೇರೆ. ಆದರೂ ತಿನ್ನಿಸುತ್ತಲೇ ಇತ್ತು. ಮನುಷ್ಯನ ಮುಖ ಎರಡು ವರ್ಷ ನೆನಪಿಡುತ್ತಂತೆ, ಮಗ ಯಾರದ್ದು ಅಂತ ಗೊತ್ತಾಗಲ್ಲವಂತೆ.

ಹಳೇ ಹುಬ್ಬಳ್ಳಿ ಅಕ್ಕ
ಮಗ ಯಾರದ್ದಾದರೂ ಆಗಲಿ, ಹಸಿದು ಬಾಯಿ ತೆರೆದರೆ ತಾಯಿ ಹಾಕುತ್ತಾಳೆ. ನೀನು ಹಾಸ್ಟೆಲಿನಲ್ಲಿ ಊಟ ಮಾಡುವವ, ನಿನಗೆ ಅದು ತಿಳಿಯುವುದಿಲ್ಲ.

ಗುಡ್ಡದ ಗೂಗಿ
ಪ್ರಶ್ನೆ ಒಳ್ಳೆಯದೇ. ಕೋಗಿಲೆ ಮೊಟ್ಟೆ ಸ್ವಲ್ಪ ಚಿಕ್ಕದು, ಆದರೆ ಬಣ್ಣ, ಚುಕ್ಕೆ ಹೆಚ್ಚುಕಡಿಮೆ ಕಾಗೆ ಮೊಟ್ಟೆಯದೇ ಥರ. ಗಂಡು ಕೋಗಿಲೆ ಗೂಡಿನ ಹತ್ತಿರ ಬಂದು ಕಾಣಿಸಿಕೊಳ್ಳುತ್ತದೆ, ಕಾಗೆಗಳು ಅದನ್ನು ಅಟ್ಟಿಸಿಕೊಂಡು ಹೋದಾಗ ಹೆಣ್ಣು ಬಂದು ಮೊಟ್ಟೆ ಇಟ್ಟು ಹೋಗುತ್ತದೆ. ಕೋಗಿಲೆ ಮರಿ ಕಾಗೆ ಮರಿಗಿಂತ ಬೇಗ ಮೊಟ್ಟೆಯಿಂದ ಹೊರಗೆ ಬರುತ್ತದೆ. ನಮ್ಮ ಕೋಗಿಲೆ ಮರಿ ಸಾಮಾನ್ಯವಾಗಿ ಕಾಗೆ ಮರಿಗಳನ್ನು ಗೂಡಿನಿಂದ ತಳ್ಳುವುದಿಲ್ಲ, ಜೊತೆಯಲ್ಲೇ ಬೆಳೆಯುತ್ತದೆ. ಅನುಮಾನ ಬಂದು ತನ್ನದೇ ಮೊಟ್ಟೆ ಎಸೆದರೆ ಕಾಗೆಗೆ ಆಗುವ ನಷ್ಟ ದೊಡ್ಡದು. ಬುದ್ಧಿ ಅನ್ನುವುದು ಒಂದೇ ಗಂಟಿನಲ್ಲಿ ಬರುವ ಸಾಮಾನಲ್ಲ. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರು ಸಂತೆಯಲ್ಲಿ ಮೋಸ ಹೋಗುವುದನ್ನು ನಾನೇ ಕಂಡಿದ್ದೇನೆ. ಕಂಡಿದ್ದೇನೆ ಏನು, ನಾನೇ ಹೋಗಿದ್ದೇನೆ.

ಕ್ಲಾಸ್ ಬಂಕ್ ಮಾಡಿದವ
ಆದರೂ ಅಷ್ಟು ಸಣ್ಣ ತಲೆಯಲ್ಲಿ ಎಷ್ಟು ಬುದ್ಧಿ ಹಿಡಿಯಬಹುದು ಸರ್? ಕಡಲೆಕಾಯಿಯಷ್ಟು ಮೆದುಳು.

ಗುಡ್ಡದ ಗೂಗಿ
ಕಡಲೆಕಾಯಿಗಿಂತ ದೊಡ್ಡದೇ ಇದೆ ಬಿಡು. ಗಾತ್ರ ನೋಡಿ ಮೋಸ ಹೋಗಬೇಡ. 2016ರಲ್ಲಿ ಹಕ್ಕಿಗಳ ಮೆದುಳಿನ ನರಕೋಶ ಎಣಿಸಿದರು. ಕಾಗೆ ಜಾತಿಯ ಹಕ್ಕಿಗಳಲ್ಲಿ, ಗಿಳಿಗಳಲ್ಲಿ ನರಕೋಶಗಳು ತುಂಬಾ ಒತ್ತೊತ್ತಾಗಿ ಇವೆ. ಅಷ್ಟೇ ತೂಕದ ಮಂಗನ ಮೆದುಳಿಗಿಂತಲೂ ಜಾಸ್ತಿ. ಕಾಗೆಗಳಲ್ಲೇ ದೊಡ್ಡದಾದ ರೇವನ್ ಎಂಬ ಹಕ್ಕಿಯ ಮೆದುಳಿನಲ್ಲಿ 200 ಕೋಟಿಗೂ ಮಿಕ್ಕಿ ನರಕೋಶ ಸಿಕ್ಕವು. ಹುಬ್ಬಳ್ಳಿ ಬಸ್ ಥರ ಅಂತಿಟ್ಟುಕೋ. ಬಸ್ಸು ಸಣ್ಣದು, ಒಳಗೆ ಇರುವ ಜನ ಜಾಸ್ತಿ.

ಉಣಕಲ್ ಅಲೆಮಾರಿ
ಚಿಕ್ಕಂದಿನಲ್ಲಿ ಓದಿದ ಕಥೆ ಇದೆಯಲ್ಲ, ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕಿ ನೀರು ಮೇಲೆ ತಂದದ್ದು. ಅದು ಕಥೆನಾ ನಿಜನಾ? ನಮ್ಮ ಮನೆಯಲ್ಲಿ ಮಣ್ಣಿನ ಮಡಕೆಯಲ್ಲಿ ನೀರಿಟ್ಟೆ, ಪಕ್ಕದಲ್ಲಿ ಜಲ್ಲಿಕಲ್ಲೂ ಇಟ್ಟೆ. ಕಾಗೆ ಬಂತು, ಮಡಕೆಯ ಅಂಚಿನ ಮೇಲೆ ಕೂತಿತು, ಮಡಕೆ ಉರುಳಿತು, ನೆಲದ ಮೇಲೆ ಹರಿದ ನೀರು ಕುಡಿದು ಹೋಯಿತು. ಯೋಚನೆ ಮಾಡಿದರೆ ಇದೇ ಶಾರ್ಟ್‌ಕಟ್.

ಗುಡ್ಡದ ಗೂಗಿ
ಹಹ್ಹ. ಅದನ್ನೂ ಪರೀಕ್ಷೆ ಮಾಡಿದ್ದಾರೆ. 2009ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಸ್ ಬರ್ಡ್, ನೇಥನ್ ಎಮರಿ ಎಂಬಿಬ್ಬರು ರೂಕ್ ಎಂಬ ಕಾಗೆ ಜಾತಿಯ ನಾಲ್ಕು ಹಕ್ಕಿಗಳಿಗೆ ಉದ್ದನೆಯ ಗಾಜಿನಂಥ ಕೊಳವೆ ಕೊಟ್ಟರು. ಅರ್ಧ ನೀರು, ಮೇಲೆ ತೇಲುವ ಹುಳ. ಕೊಕ್ಕಿಗೆ ಎಟುಕುವುದಿಲ್ಲ. ಹಕ್ಕಿಗಳು ಪಕ್ಕದಲ್ಲಿದ್ದ ಕಲ್ಲು ಒಂದೊಂದೇ ಹಾಕಿ ನೀರು ಏರಿಸಿ ಹುಳ ತಿಂದವು. ಸಣ್ಣ ಕಲ್ಲು, ದೊಡ್ಡ ಕಲ್ಲು ಎರಡೂ ಇಟ್ಟರೆ ದೊಡ್ಡದನ್ನೇ ಹೆಚ್ಚಾಗಿ ಆರಿಸಿದವು. ನೀರಿನ ಬದಲು ಮರದ ಪುಡಿ ತುಂಬಿದರೆ ಅದರಲ್ಲಿ ಕಲ್ಲು ಹಾಕಿ ಪ್ರಯೋಜನ ಇಲ್ಲ ಅಂತಲೂ ಬೇಗ ಕಲಿತವು.

2002ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಬೆಟ್ಟಿ ಎಂಬ ಹೆಣ್ಣು ಕಾಗೆಯ ಸುದ್ದಿ ಬಂತು. ಅದು ನ್ಯೂ ಕ್ಯಾಲಿಡೋನಿಯಾ ದ್ವೀಪದ ಕಾಗೆ. ಕೊಳವೆಯ ತಳದಲ್ಲಿ ಪುಟ್ಟ ಬಕೆಟ್, ಅದರೊಳಗೆ ತಿಂಡಿ. ಕೊಕ್ಕೆಯಾಗಿ ಬಗ್ಗಿಸಿದ್ದ ತಂತಿಯನ್ನು ಜೊತೆಗಿದ್ದ ಗಂಡು ಎತ್ತಿಕೊಂಡು ಹೋಯಿತು. ಬೆಟ್ಟಿಗೆ ಉಳಿದದ್ದು ನೇರ ತಂತಿ. ಅದನ್ನೇ ತಾನು ಬಗ್ಗಿಸಿ ಕೊಕ್ಕೆ ಮಾಡಿ ಬಕೆಟ್ ಮೇಲೆ ಎಳೆಯಿತು.

ಆದರೆ ಒಂದು ಮಾತು, ಇದನ್ನು ಎಲ್ಲರೂ ಮರೆಯುತ್ತಾರೆ. ರೂಕ್, ಬೆಟ್ಟಿ, ಸಿಯಾಟಲ್ ಕಾಗೆ ಇವು ಯಾವುವೂ ನಮ್ಮ ಊರ ಕಾಗೆ ಅಲ್ಲ. ಬಳಗ ಒಂದೇ, ಜಾತಿ ಬೇರೆ. ಚಿಕ್ಕಪ್ಪನ ಮಗ ಐಎಎಸ್ ಪಾಸಾದ ಅಂತ ನಾವೂ ಸಾಹೇಬರಾಗುವುದಿಲ್ಲ. ಇನ್ನು ಕಾಗೆಗಳು ಕಾರಿನ ಚಕ್ರದಡಿ ಅಕ್ರೋಟು ಇಟ್ಟು ಒಡೆಸುತ್ತವೆ ಅನ್ನುವ ಸುದ್ದಿ. ಜಪಾನಿನ ಸೆಂಡೈ ಊರಲ್ಲಿ ಇದನ್ನು ನೋಡಿದವರು ಇದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 1997ರಲ್ಲಿ ಕೂತು ಎಣಿಸಿದಾಗ, ಕಾರು ಬರುವಾಗಲೂ ಬಾರದಿರುವಾಗಲೂ ಕಾಗೆಗಳು ಒಂದೇ ಥರ ಕಾಯಿ ಬೀಳಿಸುತ್ತಿದ್ದವು. ಅಂದರೆ ಅಲ್ಲಿ ಕಾರಿನ ಲೆಕ್ಕವೇ ಇರಲಿಲ್ಲ, ರಸ್ತೆ ಗಟ್ಟಿ ಇದೆ, ಅಷ್ಟೇ. ಅದಕ್ಕೇ ನಾನು ಬೆಲ್ಲದ ಮುಚ್ಚಳದ ಮೇಲೆ ಕಣ್ಣಿಟ್ಟಿದ್ದೇನೆ.

ಹಾವೇರಿ ಹೊಲದವ
ಕಾಗೆ ಒಂದಗುಳು ಕಂಡರೂ ಬಳಗವನ್ನು ಕರೆಯುತ್ತದೆ ಅಂತ ಬಸವಣ್ಣನವರ ವಚನದಲ್ಲೇ ಇದೆಯಲ್ಲ. ಅದೂ ಪರೀಕ್ಷೆ ಆಗಬೇಕಾ?

ಗುಡ್ಡದ ಗೂಗಿ
ವಚನದ ಮಾತು ಮನುಷ್ಯರಿಗೆ ಹೇಳಿದ್ದು, ಅದಕ್ಕೆ ನಾನು ಒರೆಗಲ್ಲು ಹಚ್ಚುವುದಿಲ್ಲ. ಆದರೆ ಕರೆಯುವುದು ನಿಜ. ಬರ್ನ್ಡ್ ಹೈನ್ರಿಕ್ ಎಂಬುವರು ಅಮೆರಿಕದ ಮೇನ್ ಕಾಡಿನಲ್ಲಿ, ಕೊರೆಯುವ ಚಳಿಯಲ್ಲಿ ವರ್ಷಗಟ್ಟಲೆ ಕೂತು ರೇವನ್‌ಗಳನ್ನು ಗಮನಿಸಿದರು. ಸತ್ತ ಪ್ರಾಣಿ ಸಿಕ್ಕಾಗ ಕೂಗಿ ಕರೆಯುತ್ತಿದ್ದವು ಪ್ರಾಯದ ಹಕ್ಕಿಗಳು. ಆ ಜಾಗ ಒಂದು ಹಳೇ ಜೋಡಿಯದಾಗಿದ್ದರೆ ಒಬ್ಬಂಟಿ ಹುಡುಗನನ್ನು ಅವು ಓಡಿಸುತ್ತವೆ. ಹತ್ತಾರು ಸೇರಿ ಬಂದರೆ ಓಡಿಸಲು ಆಗುವುದಿಲ್ಲ. ದಾನವೂ ಹೌದು, ಸಂಘಟನೆಯೂ ಹೌದು.

ಹಾವೇರಿ ಹೊಲದವ
ಹಮಾಲರ ಸಂಘದ ಥರ.

ಪಕ್ಷಮಾಸದ್ದು ಒಂದು ಸೇರಿಸುತ್ತೇನೆ. ನಮ್ಮ ಊರಲ್ಲಿ ಎಡೆ ಇಟ್ಟು ಹಿಂದೆ ಸರಿದು ನಿಲ್ಲುವ ಪದ್ಧತಿ. ಕಾಗೆ ಮುಟ್ಟುವವರೆಗೆ ಯಾರೂ ಉಣ್ಣುವುದಿಲ್ಲ. ಬೇರೆ ದಿನ ಕಾಗೆಗೆ ಬರಗಾಲ ಇಲ್ಲ, ಆ ಹದಿನೈದು ದಿನ ಕರೆದರೂ ಬರುವುದಿಲ್ಲ. ಕಾರಣ ಸರಳ ಇದೆ, ಪ್ರತಿ ಮನೆಯಲ್ಲೂ ಎಡೆ, ಹೊಟ್ಟೆ ತುಂಬಿರುತ್ತದೆ. ಹೋದ ಸಲ ನಮ್ಮ ಕಾಕಾ ಎರಡು ತಾಸು ಕಾಯಿಸಿದ ಮೇಲೆ ಕಾಗೆ ಬಂತು. ಅನ್ನ ಬಿಟ್ಟು ಹೋಳಿಗೆ ಮಾತ್ರ ಎತ್ತಿಕೊಂಡು ಹೋಯಿತು. "ಅಪ್ಪಗ ಹೋಳಗಿ ಅಂದ್ರ ಜೀವ" ಅಂತ ಕಾಕಾ ಅತ್ತೇಬಿಟ್ಟರು. ನಾವು ಯಾರೂ ಮಾತಾಡಲಿಲ್ಲ.

ಹಳೇ ಹುಬ್ಬಳ್ಳಿ ಅಕ್ಕ
ನಮ್ಮ ಅಜ್ಜಿ ಕಾಗೆ ಎಷ್ಟು ಸಲ ಕೂಗಿತು ಅಂತ ಎಣಿಸಿ ಅಷ್ಟು ಜನ ಬೀಗರು ಬರುತ್ತಾರೆ ಅನ್ನುತ್ತಿದ್ದಳು, ಅಷ್ಟೇ ಅಕ್ಕಿ ಜಾಸ್ತಿ ಹಾಕುತ್ತಿದ್ದಳು.

ಗುಡ್ಡದ ಗೂಗಿ
ಅಜ್ಜಿಗೆ ನಮಸ್ಕಾರ. 2024ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕಾಗೆಗಳಿಗೆ ಕಲಿಸಿ ನೋಡಿದರು. ಗುರುತು ತೋರಿಸಿದರೆ ಒಂದರಿಂದ ನಾಲ್ಕರವರೆಗೆ ಹೇಳಿದಷ್ಟೇ ಸಲ ಕೂಗುತ್ತವೆ. ಮೊದಲ ಕೂಗಿನ ಧಾಟಿಯಲ್ಲೇ ಒಟ್ಟು ಎಷ್ಟು ಸಲ ಕೂಗಲಿದೆ ಅನ್ನುವ ಸುಳಿವು ಸಿಗುತ್ತದಂತೆ. ಅಂದರೆ ಬಾಯಿ ತೆರೆಯುವ ಮುಂಚೆ ಲೆಕ್ಕ ಹಾಕಿಕೊಂಡಿರುತ್ತದೆ. ನಾಲ್ಕಕ್ಕಿಂತ ಜಾಸ್ತಿ ಬೀಗರು ಬಂದರೆ ಮಾತ್ರ ಅಜ್ಜಿಯ ಅಕ್ಕಿ ಕಡಿಮೆ ಬೀಳುತ್ತದೆ.

ಮಾಳಮಡ್ಡಿ, ಎಲ್ಲಿ ಹೋದಿರಿ? ಫಲಿತಾಂಶ?

ಕ್ಲಾಸ್ ಬಂಕ್ ಮಾಡಿದವ
ಕಾಗೆಗೆ ಮಿರ್ಚಿ ಹಾಕಿ ನೋಡಿ ಅಂಕಲ್, ದುರ್ಗದಬೈಲಿನದ್ದು.

ಮಾಳಮಡ್ಡಿ ಮಾಳಿಗೆ
ಮಿರ್ಚಿ ನನಗೇ ಸಿಗುತ್ತಿಲ್ಲ, ಬಿಪಿ ಅಂತ ಬಂದ್ ಮಾಡಿಸಿದ್ದಾರೆ. ಕರಿದದ್ದು, ಉಪ್ಪಿನದ್ದು ಹಕ್ಕಿಗಳಿಗೆ ಹಾಕಬೇಡಿ, ನೀರು ಇಡಿ ಸಾಕು.

ತಡವಾಗಿದ್ದಕ್ಕೆ ಕ್ಷಮಿಸಿ, ನಡುವೆ ಎರಡು ದಿನ ಮಳೆ. ಗೂಗಿ ಸರ್ ಹೇಳಿದ ಹಾಗೆ ಮಾಡಿದೆ. ಸೋಪಿನಲ್ಲಿ ತೊಳೆದ ಮುಚ್ಚಳ ಒಂದು, ಬೆಲ್ಲ ಮೆತ್ತಿದ್ದು ಒಂದು. ನಾನೇ ಒಂದು ಸೇರಿಸಿದೆ, ಹಳೇ ಸ್ಟೀಲ್ ಡಬ್ಬಿಯ ಪುಟ್ಟ ಮುಚ್ಚಳ. ಮೂರನ್ನೂ ಪತ್ರಾಸಿನ ಮೇಲ್ಗಡೆ ಗೋಡೆಯ ಮೇಲೆ ಸಾಲಾಗಿ ಇಟ್ಟೆ. ಬಚ್ಚಲ ಕಿಟಕಿಯಿಂದ ನೋಡಿದೆ, ಅಲ್ಲಿ ನಿಂತರೆ ಅದಕ್ಕೆ ನಾನು ಕಾಣುವುದಿಲ್ಲ ಅಂತ ನನ್ನ ನಂಬಿಕೆ. ಅವ್ವ ಬಾಗಿಲು ಬಡಿದು ಬೈದದ್ದು ಬೇರೆ ವಿಷಯ.

ಒಟ್ಟು ಐದು ಬೆಳಗ್ಗೆ. ಬೆಲ್ಲದ ಮುಚ್ಚಳವನ್ನು ಕಾಲಿನಲ್ಲಿ ಒತ್ತಿ ಹಿಡಿದು, ಬೆಲ್ಲ ಪೂರ್ತಿ ಕುಕ್ಕಿ ತಿಂದು, ಅಲ್ಲೇ ಬಿಟ್ಟಿತು. ಐದು ದಿನದಲ್ಲಿ ಒಮ್ಮೆಯೂ ಅದನ್ನು ಜಾರಿಸಲಿಲ್ಲ. ತೊಳೆದ ಮುಚ್ಚಳ ಮೊದಲ ಎರಡು ದಿನ ಜಾರಿಸಿತು, ನಾಲ್ಕು ಸಲ, ಏಳು ಸಲ. ಮೂರನೇ ದಿನ ಸ್ಟೀಲ್ ಮುಚ್ಚಳ ಎತ್ತಿತು. ತಗಡಿನ ಮೇಲೆ ಸ್ಟೀಲ್ ಜಾರಿದರೆ ಹೇಗಿರುತ್ತದೆ ಗೊತ್ತಲ್ಲ, ಝಣ ಝಣ ಅಂತ ಓಣಿಗೆಲ್ಲ ಕೇಳುವ ಸದ್ದು. ಕಾಗೆ ಬೆಚ್ಚಿ ಹಾರಿ ಬೇವಿನ ಮರದಲ್ಲಿ ಕೂತು, ತಲೆ ವಾರೆ ಮಾಡಿ ಕೆಳಗೆ ನೋಡಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು. ಅಲ್ಲಿಂದ ಮುಂದೆ ಬರೀ ಸ್ಟೀಲ್. ಪ್ಲಾಸ್ಟಿಕ್ ಕಡೆ ತಿರುಗಿಯೂ ನೋಡಿಲ್ಲ.

ಬೂದು ಕುತ್ತಿಗೆ, ಊರ ಕಾಗೆಯೇ. ಬಾಯಿ ತೆರೆದಾಗ ಒಳಗೆ ಕೆಂಪಗೆ ಕಂಡಿತು.

ಗುಡ್ಡದ ಗೂಗಿ
ಬಾಯೊಳಗೆ ಕೆಂಪಿದ್ದರೆ ಇನ್ನೂ ಎಳೆಯದು, ಈ ಬೇಸಿಗೆಯ ಮರಿ. ದೊಡ್ಡ ಕಾಗೆಗೆ ಒಳಗೂ ಕಪ್ಪು. ಹೆಚ್ಚು ಆಡುವುದು ಈ ವಯಸ್ಸಿನವೇ, ಅಪ್ಪ ಅಮ್ಮ ಇನ್ನೂ ಹತ್ತಿರ ಇರುತ್ತಾರೆ, ಹೊಟ್ಟೆಯ ಚಿಂತೆ ಪೂರ್ತಿ ತಲೆಗೆ ಬಂದಿರುವುದಿಲ್ಲ. ಮೊದಲ ಒರೆಗಲ್ಲಿಗೂ ಪಾಸು. ಬೆಲ್ಲ ಇದ್ದದ್ದು ಊಟ, ಬೆಲ್ಲ ಇಲ್ಲದ್ದು ಆಟ, ಹುಡುಗ ಎರಡನ್ನೂ ಬೆರೆಸಿಲ್ಲ. ಒಂದೇ ಕಾಗೆ, ಐದೇ ದಿನ ಅನ್ನುವ ತಕರಾರು ಇದ್ದೇ ಇದೆ. ಬಿಡಬೇಡಿ, ದಿನಾ ಬರೆಯಿರಿ. ಸಮಯ, ಎಷ್ಟು ಸಲ, ಹತ್ತಿರದಲ್ಲಿ ಬೇರೆ ಕಾಗೆ ಇತ್ತಾ, ಯಾಕೆ ನಿಲ್ಲಿಸಿತು.

ಉಣಕಲ್ ಅಲೆಮಾರಿ
ವಿಡಿಯೋ...

ಎಪಿಎಂಸಿ ಶೇಂಗಾ
ಸರ್, ಹಾಗಾದರೆ ನಮ್ಮ ನಾಯಿ ಬಾಲಕ್ಕೆ ಇನ್ನರ್ಧ ಮಾರ್ಕ್ಸ್ ಕೊಡುತ್ತೀರಾ?

ಗುಡ್ಡದ ಗೂಗಿ
ಮೊದಲು ಎಣಿಸಿ ತನ್ನಿ.

ಮಾಳಮಡ್ಡಿ ಮಾಳಿಗೆ
ಇವತ್ತಿನದು: 6.50ಕ್ಕೆ ಬಂತು. 11 ಸಲ. ಇನ್ನೊಂದು ಎಳೆ ಕಾಗೆ ಜೊತೆಗಿತ್ತು. ಕೊನೆಯ ಮೂರು ಸಲ ಅದು ಕೆಳಗೆ ಅಂಚಿನಲ್ಲಿ ನಿಂತು ಹಿಡಿಯಲು ನೋಡಿತು, ಒಮ್ಮೆಯೂ ಸಿಗಲಿಲ್ಲ. ಆಮೇಲೆ ಇಬ್ಬರೂ ಮುಚ್ಚಳವನ್ನು ಆ ಕಡೆ ಈ ಕಡೆ ಎಳೆದಾಡಿದರು. ಹಾಲಿನವನು ಗೇಟ್ ತೆಗೆದ ಸದ್ದಿಗೆ ಎರಡೂ ಹಾರಿದವು, ಮುಚ್ಚಳ ಗಟಾರಕ್ಕೆ ಬಿತ್ತು. ನಾನು ತೆಗೆಯಲು ಹೋಗುವಷ್ಟರಲ್ಲಿ ಅವ್ವ ತೆಗೆದು, ತೊಳೆದು, ಸೆರಗಿನಲ್ಲಿ ಒರೆಸಿ ಗೋಡೆಯ ಮೇಲೆ ಇಟ್ಟಿದ್ದಳು.